ಹೊಲಿಗೆ ಬಿಚ್ಚುವ ಪರೀಕ್ಷೆ

ಮೊನ್ನೆ ಹೆಂಡತಿಯ ರವಿಕೆ ಕೊಡಲು ಬಾಣಸವಾಡಿಯ ಟೈಲರ್ ಅಂಗಡಿಗೆ ಹೋಗಿದ್ದೆ. ಮಿಷನ್ನಿಗೆ ಆಗಷ್ಟೇ ಎಣ್ಣೆ ಬಿಟ್ಟಿದ್ದರು. ಆ ವಾಸನೆ ಬಂದದ್ದೇ ತಡ, ಮನಸ್ಸು ಗರುಡಾಚಾರ್‌ಪಾಳ್ಯದ ನಮ್ಮ ಹಳೆಯ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗಿ ಕೂತಿತು. ಟ್ರಾಫಿಕ್ಕಿಲ್ಲದೆ ಅಲ್ಲಿಗೆ ತಲುಪುವ ದಾರಿ ಈಗ ಅದೊಂದೇ.

ತೊಂಬತ್ತರ ದಶಕದ ಕೊನೆಯ ಮಾತು. ಕೆಲಸಕ್ಕೆ ಜನರನ್ನು ಆರಿಸುವುದು, ಮೂರು ತಿಂಗಳಾದ ಮೇಲೆ ಕಾಯಂ ಮಾಡುವುದು ಅಥವಾ ಮನೆಗೆ ಕಳಿಸುವುದು ನನ್ನ ಉದ್ಯೋಗ. ಕೊರಳಲ್ಲಿ ಸ್ಟಾಪ್‌ವಾಚು. ಅದರಿಂದ ನನಗೆ ಡಾಕ್ಟರ ಗತ್ತು ಬಂದಿದೆಯೆಂದು ನಾನೊಬ್ಬನೇ ನಂಬಿದ್ದೆ. ಸೋಮವಾರ ಗೇಟಿನ ಮುಂದೆ ನಿಂತ ಹೆಂಗಸರಿಗೆ ಒಂದೊಂದು ಕಾಲರ್ ಹೊಲಿಯಲು ಕೊಡುತ್ತಿದ್ದೆ. ಬೇಗ ಮುಗಿಸಿದವರು ಒಳಗೆ, ಉಳಿದವರು ಹೊರಗೆ.

ನಮ್ಮ ಸೂಪರ್‌ವೈಸರ್‌ಗಳಲ್ಲಿ ಹಲಸೂರಿನ ಫಿಲೋಮಿನಾ ಎಂಬವರಿದ್ದರು. ಅವರ ಪರೀಕ್ಷೆಯೇ ಬೇರೆ. ಹೊಲಿದ ಕಾಲರ್ ಚೆನ್ನಾಗಿದ್ದರೂ ಬಿಚ್ಚಲು ಹೇಳುವರು. ಕೆಲವರು ಮುಖ ಗಂಟಿಕ್ಕಿ ದಾರ ಜಗ್ಗಿ ಬಟ್ಟೆಯನ್ನೂ ಹರಿದುಬಿಡುವರು. ಕೆಲವರು ಒಂದೊಂದೇ ಹೊಲಿಗೆ ಎತ್ತಿ, ಬಟ್ಟೆಗೆ ನೋವಾಗದಂತೆ ಬಿಚ್ಚುವರು. ಇದೆಂಥ ಹುಚ್ಚು ಎಂದು ನಾನು ನಕ್ಕಾಗ ಅವರು ನಗಲಿಲ್ಲ.

"ಹೊಲಿಯೋದು ನಾನು ಕಲಿಸ್ತೀನಿ ಸಾರ್. ತಾಳ್ಮೆ ಎಲ್ಲಿಂದ ತರ್ಲಿ?"

ಹೊಲಿಯುವುದರಲ್ಲಿ ಹಿಂದೆ ಬಿದ್ದರೂ ಬಟ್ಟೆಗೆ ನೋವಾಗದಂತೆ ಬಿಚ್ಚಿದ್ದ ಯಾದಗಿರಿ ಕಡೆಯ ನೀಲಮ್ಮನನ್ನು ಸೇರಿಸಿಕೊಂಡದ್ದು ಫಿಲೋಮಿನಾರ ಒತ್ತಾಯಕ್ಕೆ. ನಾನು ಬೇಕೆಂದೇ ಅವಳನ್ನು ಬೇರೆ ಸೂಪರ್‌ವೈಸರ್ ನೋಡಿಕೊಳ್ಳುವ ಮಿಷನ್ನುಗಳ ಲೈನಿಗೆ ಹಾಕಿದೆ. ಇಂಥ ಸಣ್ಣತನ ನನ್ನಲ್ಲಿ ಧಾರಾಳವಾಗಿತ್ತು. ಮೂರು ತಿಂಗಳಾದರೂ ಅವಳ ಕೈ ಚುರುಕಾಗಲಿಲ್ಲ. ಕೆಲಸದಿಂದ ತೆಗೆಯುವ ಪತ್ರ ಟೈಪಾಗಿ ಮೇಜಿಗೆ ಬಂತು. ಅವಳ ಗಂಡನಿಗೆ ಕಾಯಿಲೆ, ಹತ್ತಿರದಲ್ಲೇ ಬಾಡಿಗೆಗೆ ಒಂದು ಕೋಣೆ. ಈ ಕೆಲಸ ಹೋದರೆ ಆ ಕೋಣೆಯೂ ಹೋಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಪೆನ್ನು ತೆಗೆದಿದ್ದೆ.

ಸಹಿ ಹಾಕುವ ಮೊದಲು ಒಂದು ಸಲ ಅವಳ ಪಕ್ಕ ಕೂತು ಬನ್ನಿ ಎಂದರು ಫಿಲೋಮಿನಾ. ಮೂರು ವರ್ಷದ ನೌಕರಿಯಲ್ಲಿ ಮಿಷನ್ ಪಕ್ಕದ ಸ್ಟೂಲಿನ ಮೇಲೆ ನಾನು ಕೂತದ್ದು ಅದೇ ಮೊದಲು. ಏನು ಕೇಳಬೇಕೆಂದು ತೋಚದೆ, ಯಾಕಮ್ಮ ಇಷ್ಟು ನಿಧಾನ ಎಂದೆ. ಅವಳು ಮಿಷನ್ ನಿಲ್ಲಿಸಿದಳು.

"ಎಲ್ಲಾರೂ ಬಂದು ಟೈಮ್ ನೋಡಿ ಹೋಗ್ಯಾರ್ರಿ ಸರ. ಬಟ್ಟಿ ಹೆಂಗ ಹಿಡೀಬೇಕಂತ ಒಬ್ಬರೂ ತೋರಿಸಿಲ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊರಳಿನ ವಾಚು ತೆಗೆದು ಜೇಬಿಗೆ ಹಾಕಿಕೊಂಡೆ. ನಾಚಿಕೆಯಾಗಿತ್ತು.

ಪತ್ರ ಹರಿದು, ನೀಲಮ್ಮನನ್ನು ಫಿಲೋಮಿನಾರ ಲೈನಿಗೆ ಕಳಿಸಿದೆ. ಅವರು ದಿನಾ ಊಟದ ಹೊತ್ತಿನಲ್ಲಿ ಪಕ್ಕ ನಿಂತು, ತಮ್ಮ ಕೈಯನ್ನು ಅವಳ ಕೈ ಮೇಲಿಟ್ಟು, ಮೂಲೆಯಲ್ಲಿ ಬಟ್ಟೆ ತಿರುಗಿಸುವುದನ್ನು ತೋರಿಸಿದರು. ತಿಂಗಳೊಳಗೆ ಅವಳು ಎಲ್ಲರ ಸಮಕ್ಕೆ ಬಂದಳು. ನಾಲ್ಕೈದು ವರ್ಷ ಕಳೆದ ಮೇಲೆ ಹೊಸಬರಿಗೆ ಕಲಿಸುತ್ತಿದ್ದವಳು ಅವಳೇ.

ಬಾಣಸವಾಡಿಯ ಟೈಲರ್ ರವಿಕೆಯ ಅಳತೆ ಬರೆದುಕೊಳ್ಳುತ್ತ, ಒಳ್ಳೆಯ ಕೆಲಸಗಾರರೇ ಸಿಗುವುದಿಲ್ಲ, ಈ ವರ್ಷ ಮೂವರನ್ನು ಕಳಿಸಿದೆ ಎಂದು ಗೊಣಗಿದ. ನೀನು ಅವರ ಪಕ್ಕ ಎಷ್ಟು ದಿನ ಕೂತಿದ್ದೆ ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ, ಒಂದು ಕಾಲದಲ್ಲಿ ನಾನೂ ಹಾಗೇ ನೋಡುತ್ತಿದ್ದೆ.

ದಾರಿಯುದ್ದಕ್ಕೂ ನೆನಪು ಮಾಡಿಕೊಳ್ಳುತ್ತ ಬಂದೆ. ನೀಲಮ್ಮನಿಗಿಂತ ಮೊದಲು ನಾನು ಸಹಿ ಹಾಕಿ ಮನೆಗೆ ಕಳಿಸಿದವರಲ್ಲಿ ಒಬ್ಬರ ಹೆಸರೂ ನೆನಪಿಗೆ ಬರಲಿಲ್ಲ.