ಕಂಟೈನರ್ ಒಳಗೆ ಕಟ್ಟಿದ ನಿಂಬೆಹಣ್ಣು

ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವ ರಸ್ತೆಯ ಪಕ್ಕದ ಒಂದು ಕಾರ್ಖಾನೆಯಲ್ಲಿ ನಾನು ಏಳು ವರ್ಷ ದುಡಿದೆ. ನಮ್ಮ ಸೀಮೆಯ ಅವರೆಬೇಳೆ, ನುಗ್ಗೆಕಾಯಿಗಳನ್ನು ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ, ಪ್ಯಾಕೆಟ್ ಮಾಡಿ, ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಮೊದಲ ಐದು ವರ್ಷ ನಾನು ದಿನಗೂಲಿಗೆ ಅವರೆಕಾಳು ಹಿತುಕಿದವಳು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕಳಚಿ ಬೇಳೆ ಚಿಮ್ಮುತ್ತದೆ. ಸಂಜೆಯ ಹೊತ್ತಿಗೆ ಬೆರಳ ತುದಿ ಬಿಳಿಚಿಕೊಂಡು, ಅನ್ನ ಕಲೆಸಿದರೆ ಉರಿಯುತ್ತಿತ್ತು. ಇಷ್ಟು ಕಷ್ಟಪಟ್ಟು ಹಿತುಕಿದ್ದನ್ನು ಯಾರೋ ಪುಣ್ಯಾತ್ಮರು ಅಲ್ಲಿ ಸಾರು ಮಾಡಿಕೊಂಡು ಉಣ್ಣುತ್ತಾರೆ, ಉಣ್ಣಲಿ ಬಿಡಿ ಎಂದು ನಾವು ನಗುತ್ತಿದ್ದೆವು.

ಆ ಸಾಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಅದಕ್ಕೇ ನನ್ನನ್ನು ಎಬ್ಬಿಸಿ ಕಂಟೈನರ್ ಬಾಗಿಲಲ್ಲಿ ನಿಲ್ಲಿಸಿದರು. ಕಂಟೈನರ್ ಅಂದರೆ ಒಂದು ದೊಡ್ಡ ಕಬ್ಬಿಣದ ಕೋಣೆ, ಮುಂದುಗಡೆ ತಣ್ಣಗೆ ಮಾಡುವ ಯಂತ್ರ. ಒಳಗೆ ಮೈನಸ್ ಹದಿನೆಂಟು ಡಿಗ್ರಿ ಇದೆಯೋ ಇಲ್ಲವೋ ನೋಡಬೇಕು, ಗಾಳಿ ಆಡಲು ಜಾಗ ಬಿಟ್ಟು ಪೆಟ್ಟಿಗೆ ಜೋಡಿಸಿದ್ದಾರೋ ನೋಡಬೇಕು, ಬೇಳೆ ನುಗ್ಗೆ ಬಿಟ್ಟು ಬೇರೆ ಏನೂ ಇಲ್ಲ ಎಂದು ಫಾರಂ ತುಂಬಿ ಸಹಿ ಹಾಕಬೇಕು. ಆಮೇಲೆ ನಾನು ಹೇಳಿದರೇನೇ ಬಾಗಿಲು ಮುಚ್ಚುವುದು. ಗಂಡಸರು ನನ್ನ ಅಪ್ಪಣೆಗೆ ಕಾಯುತ್ತಿದ್ದರು. ಜಂಬ ಇತ್ತು, ಇಲ್ಲವೆಂದು ಯಾಕೆ ಸುಳ್ಳು ಹೇಳಲಿ? ತಿಂಗಳ ಸಂಬಳದ ಕೆಲಸ ನಮ್ಮ ಮನೆಗೆ ಬಂದದ್ದೇ ಅದೊಂದು. ನನ್ನ ಗಂಡ ಗಾರೆ ಕೆಲಸದವನು, ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಲ್ಲಿ ನನಗೆ ಒಬ್ಬಳು ಗೆಳತಿ. ಕೆಜಿಎಫ್ ಗಣಿ ಕಡೆಯ ಚಾಂಪಿಯನ್ ರೀಫ್ಸಿನ ಹುಡುಗಿ, ಗಂಡ ಬಿಟ್ಟು ಹೋಗಿದ್ದ, ಮನೆಮಾತು ತಮಿಳು. ಅವಳನ್ನು ಕೆಲಸಕ್ಕೆ ಸೇರಿಸಿದ್ದು ನಾನೇ. ಕೋಲ್ಡ್ ರೂಮಿಗೆ ಮೊದಲ ಸಲ ಹೋದಾಗ ಹಲ್ಲು ಕಟಕಟ ಎನ್ನುತ್ತಾ ಹೊರಗೆ ಓಡಿ ಬಂದವಳಿಗೆ ನನ್ನ ಸ್ವೆಟರ್ ಬಿಚ್ಚಿ ಕೊಟ್ಟಿದ್ದೆ. ದಿನಾ ಒಂದೇ ಆಟೋದಲ್ಲಿ ಬರುತ್ತಿದ್ದೆವು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನನಗೆ ಒಡಹುಟ್ಟಿದ ತಂಗಿಯರಿಲ್ಲ, ಹಾಗಾಗಿ ಆ ಮಾತು ನನಗೆ ಬಹಳ ಹಿಡಿಸಿತ್ತು.

ಕಳೆದ ಅವರೆಕಾಯಿ ಸುಗ್ಗಿಯಲ್ಲಿ ಒಂದು ಕಂಟೈನರ್ ಚೆನ್ನೈ ಬಂದರಿಗೆ ಹೋಗುವ ದಾರಿಯಲ್ಲಿ ಕೆಟ್ಟು ನಿಂತಿತು. ತಣ್ಣನೆಯ ಯಂತ್ರ ಸತ್ತು, ಬೇಳೆಯೆಲ್ಲ ಕರಗಿ, ಹುಳಿ ವಾಸನೆ ಹೊಡೆಯುತ್ತಾ ವಾಪಸ್ ಬಂತು. ಮ್ಯಾನೇಜರ್ ಬಂದು ಅದನ್ನು ನೋಡಿ ಹಣೆ ಹಣೆ ಚಚ್ಚಿಕೊಂಡ.

"ದೃಷ್ಟಿ ತಾಗೈತೆ ಕಣಮ್ಮಾ," ಅಂದ. "ಮುಂದಿನ್ದಕ್ಕೆ ನಿಂಬೆಣ್ಣು ಮೆಣಸಿನ್ಕಾಯಿ ಕಟ್ಟಿಬಿಡಾಣ."

"ಲಾರಿ ಮುಂದ್ಗಡೆ ಡ್ರೈವರ್ ಆಗ್ಲೇ ಕಟ್ಟವ್ನಲ್ಲ ಸಾರ್?" ಅಂದೆ.

"ಲಾರಿ ಓಗೋದು ಚೆನ್ನೈ ತಂಕ. ಹಡಗು ಅತ್ತೋದು ಈ ಕಂಟೈನರ್ ಡಬ್ಬ. ದೃಷ್ಟಿ ತಾಗ್ತಾ ಇರೋದು ಡಬ್ಬಕ್ಕೆ. ಒರ್ಗಡೆ ಕಟ್ಟಿದ್ರೆ ಬಂದರಿನವ್ರು ಕಿತ್ತಾಕ್ತಾರೆ, ಒಳ್ಗಡೆ ಕಟ್ಟು."

ಇದನ್ನು ಈಗ ಬರೆಯುವಾಗ ನಗು ಬರುತ್ತದೆ. ಆವತ್ತು ಒಬ್ಬರಿಗೂ ಬರಲಿಲ್ಲ. ಹೊಸ ಗಾಡಿ ತಂದರೆ ಕಟ್ಟುತ್ತೇವೆ, ಅಂಗಡಿ ತೆರೆದರೆ ಕಟ್ಟುತ್ತೇವೆ. ಕಂಟೈನರ್ ಯಾವ ದೊಡ್ಡ ಮನುಷ್ಯ? ಮುಂದಿನ ಕಂಟೈನರ್ ಬಂದ ದಿನ ಬೆಳಿಗ್ಗೆ ಲೋಡಿಂಗ್ ಮುಗಿದು ಹುಡುಗರು ಟೀಗೆ ಹೋಗಿದ್ದರು. ಮ್ಯಾನೇಜರ್ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ನಾನು ಸ್ಟೂಲ್ ಹತ್ತಿ, ಕುಂಕುಮ ಹಚ್ಚಿದ ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿದ ದಾರವನ್ನು ಬಾಗಿಲ ಒಳಗಿನ ಕೊಂಡಿಗೆ ಕಟ್ಟಿದೆ. ಗೆಳತಿ ಕರ್ಪೂರ ಹಚ್ಚಿದಳು. ಆಮೇಲೆ ತನ್ನ ಫೋನಿನಲ್ಲಿ ನನ್ನದೂ ಮ್ಯಾನೇಜರದೂ ಒಂದು ಫೋಟೋ ತೆಗೆದಳು. ಸ್ಟೂಲ್ ಮೇಲೆ ನಾನು, ಪಕ್ಕದಲ್ಲಿ ಬರಿಗಾಲಲ್ಲಿ ಕೈಮುಗಿದ ಮ್ಯಾನೇಜರ್. ಫಾರಮ್ಮಿನಲ್ಲಿ ಬೇಳೆ, ನುಗ್ಗೆ, ಬೇರೇನೂ ಇಲ್ಲ ಎಂದು ನಾನು ಬರೆದೆ. ನಿಂಬೆಹಣ್ಣು ಒಂದು ಸಾಮಾನು ಎಂದು ನನಗೆ ಹೊಳೆಯಲೇ ಇಲ್ಲ.

ಇಂಗ್ಲೆಂಡಿನ ಬಂದರಿನವರಿಗೆ ಹೊಳೆಯಿತು. ಕಾಗದದಲ್ಲಿ ಇಲ್ಲದ ಹಣ್ಣು, ಕಾಯಿ, ಅದರ ಮೇಲೆ ಎಂಥದೋ ಕೆಂಪು ಪುಡಿ! ಕಂಟೈನರನ್ನು ಹಿಡಿದಿಟ್ಟು, ಪರೀಕ್ಷೆ ಮೇಲೆ ಪರೀಕ್ಷೆ ಮಾಡಿದರಂತೆ. ಕೊನೆಗೆ ಕೊಳ್ಳುವವರು ನಮಗೆ ಈ ಸರಕೇ ಬೇಡ ಎಂದುಬಿಟ್ಟರು.

ಬೆಂಗಳೂರಿನಿಂದ ಕಾರ್ಖಾನೆಯ ಯಜಮಾನರು ಬಂದರು. ಕೋಣೆಗೆ ಕರೆದು ನನ್ನ ಸಹಿ ತೋರಿಸಿ, ಯಾರು ಹೇಳಿದ್ದು ಎಂದು ಕೇಳಿದರು. ನಾನು ಮ್ಯಾನೇಜರ್ ಕಡೆ ನೋಡಿದೆ.

"ನಂಗೇನೂ ಗೊತ್ತಿಲ್ಲ ಸಾರ್," ಅಂದ ಅವನು. "ನಾನು ಆವತ್ತು ಆ ಕಡೀಕೇ ಓಗಿಲ್ಲ. ಈ ಎಂಗಸ್ರು ಮಾಡೋ ಪೂಜೆ ಪುನಸ್ಕಾರ ಎಲ್ಲಾ ನಾನೆಲ್ಲಿ ನೋಡ್ಲಿ?"

ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಧೈರ್ಯ ಇತ್ತು, ಫೋಟೋ ಇದೆಯಲ್ಲ! ಗೆಳತಿಯನ್ನು ಕರೆಸಿ ಸಾರ್, ಅವಳ ಫೋನಿನಲ್ಲಿದೆ ಎಂದೆ. ಕರೆಸಿದರು. ಅವಳು ಸೆರಗಿನ ತುದಿ ಹಿಡಿದುಕೊಂಡು ನಿಂತಳು.

"ಫೋನ್ ಕೆಟ್ಟೋಗಿತ್ತು ಅಕ್ಕಾ. ರಿಪೇರಿ ಮಾಡುವಾಗ ಫೋಟೋ ಎಲ್ಲಾ ಓಗ್ಬಿಟ್ತು," ಎಂದಳು. ಕಣ್ಣಲ್ಲಿ ನೀರಿತ್ತು. ಮ್ಯಾನೇಜರ್ ಅಲ್ಲಿದ್ದನೋ ಇಲ್ಲವೋ ಎಂದು ಯಜಮಾನರು ಕೇಳಿದ್ದಕ್ಕೆ, ತಾನು ಸರಿಯಾಗಿ ನೋಡಲಿಲ್ಲ ಎಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಯಜಮಾನರು ಆ ದಿನವೇ ನನ್ನನ್ನು ಮನೆಗೆ ಕಳಿಸಿದರು.

ಮ್ಯಾನೇಜರಿಗೆ ನಾನು ಹಾಕಿದ ಶಾಪ ಒಂದೆರಡಲ್ಲ. ಅವನ ವಂಶದ ಏಳು ತಲೆಮಾರನ್ನೂ ಬಿಡಲಿಲ್ಲ. ಅವಳನ್ನು ಮಾತ್ರ ಒಂದು ಮಾತು ಅನ್ನಲಿಲ್ಲ. ಪಾಪದ ಹುಡುಗಿ, ಹೆದರಿಕೊಂಡಿದ್ದಾಳೆ, ಫೋನ್ ಕೆಟ್ಟರೆ ಅವಳೇನು ಮಾಡಿಯಾಳು? ಬಾಗಿಲ ಕೆಲಸ ಅವಳಿಗೇ ಕೊಟ್ಟರೆಂದು ತಿಳಿದಾಗ ನನ್ನ ಗಂಡ, "ಯಾಕೋ ಸರಿ ಕಾಣಾಕಿಲ್ಲ ಕಣೇ," ಎಂದ. ಬಾಯಿ ಮುಚ್ಚಿಕೊಂಡು ಉಣ್ಣು ಎಂದೆ ನಾನು. ಬೇರೆ ಯಾರ ಪಾಲಿಗೋ ಹೋಗುವ ಬದಲು ನನ್ನ ತಂಗಿಗೆ ಹೋಯಿತಲ್ಲ ಎಂದು ನಿಜವಾಗಿಯೂ ಅಂದುಕೊಂಡಿದ್ದೆ. ನಾನು ಮತ್ತೆ ಕೂಲಿಗೆ ಟೊಮೆಟೊ ಕೀಳಲು ಹೋಗುತ್ತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳು ಫಾರಂ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ನಾಳೆ ಕಂಟೈನರ್ ಬತ್ತದೆ ಅಕ್ಕಾ. ಇದು ತುಂಬೋದು ಇನ್ನೂ ಸರ್ಯಾಗಿ ಗೊತ್ತಾಗ್ತಿಲ್ಲ. ಒಂಚೂರು ಏಳ್ಕೊಡು."

ಟೀ ಕೊಟ್ಟು, ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ಹೇಳಿಕೊಟ್ಟೆ. ಯಂತ್ರದ ಮೇಲಿನ ನಂಬರ್ ಅರ್ಥವಾಗುವುದಿಲ್ಲ, ಹೋದ ಸಲದ ಕಂಟೈನರಿನದು ಫೋಟೋ ತೆಗೆದಿದ್ದೇನೆ ನೋಡು ಎಂದು ಫೋನ್ ನನ್ನ ಕೈಗೆ ಕೊಟ್ಟಳು. ಅದು ಮಸುಕಾಗಿತ್ತು. ಇನ್ನೊಂದು ಇದೆಯೇನೋ ಎಂದು ಬೆರಳಾಡಿಸಿದೆ. ನನ್ನ ಮೊಬೈಲ್ ಬರೀ ಬಟನ್ನಿನದು, ಎಷ್ಟು ಆಡಿಸಬೇಕೋ ತಿಳಿಯದೆ ಜೋರಾಗಿ ಆಡಿಸಿದೆ. ಫೋಟೋಗಳು ಸರಸರನೆ ಓಡಿ ನಿಂತವು. ಸ್ಟೂಲ್ ಮೇಲೆ ನಾನು. ಪಕ್ಕದಲ್ಲಿ ಬರಿಗಾಲಿನ ಮ್ಯಾನೇಜರ್.

"ಓಗ್ಬಿಟ್ತು ಅಂದಿದ್ಯಲ್ಲೇ," ಎಂದೆ.

ಅವಳು ಟೀ ಲೋಟ ಕೆಳಗಿಟ್ಟಳು. "ನೀನು ಓದಿದೋಳು ಅಕ್ಕಾ. ನಿಂಗೆ ಇನ್ನೆಲ್ಲಾದ್ರೂ ಸಿಕ್ತದೆ ಅಂದ್ಕೊಂಡೆ."

"ಬಾಗ್ಲು ಕೆಲ್ಸ ನಿಂಗೇ ಅಂತ ಆ ಮ್ಯಾನೇಜರು ಮೊದ್ಲೇ ಏಳಿದ್ನಾ?"

ಅವಳು ಹೌದೆಂದು ತಲೆ ಆಡಿಸಿದಳು. ಕೆಲಸ ಹೋದ ದಿನ ನಾನು ಅತ್ತಿರಲಿಲ್ಲ, ಈಗ ಅಳು ಬಂತು. ಕೂದಲು ಹಿಡಿದು ಎರಡು ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ಇನ್ನೂ ಸರಿಮಾಡಬಹುದು ಎಂಬ ಆಸೆ.

"ಆಗಿದ್ದು ಆಯ್ತು," ಎಂದು ಫೋನ್ ಅವಳ ಕೈಗೆ ಕೊಟ್ಟೆ. "ನಮ್ಮನೆಯವ್ರ ಮೊಬೈಲಿಗೆ ಅದುನ್ನ ಈಗ್ಲೇ ಕಳ್ಸು. ನಾನು ಬೆಂಗ್ಳೂರಿಗೇ ಓಗಿ ತೋರುಸ್ತೀನಿ. ನಿನ್ನೆಸ್ರು ಎತ್ತಲ್ಲ."

ಅವಳು ಫೋನ್ ತೆಗೆದುಕೊಂಡು ತಲೆ ಬಗ್ಗಿಸಿದಳು. ಹೆಬ್ಬೆರಳಿನಿಂದ ಎರಡು ಸಲ ಒತ್ತಿದಳು. ಕಳಿಸುತ್ತಿದ್ದಾಳೆ ಎಂದೇ ನಾನು ಆಗಲೂ ನಂಬಿದೆ. ಗಂಡನ ಮೊಬೈಲ್ ಒಳಗೆ ಅಡುಗೆಮನೆ ಗೂಡಿನಲ್ಲಿತ್ತು, ಅದು ಸದ್ದು ಮಾಡುತ್ತದೆ ಎಂದು ಕಿವಿಗೊಟ್ಟು ಕೂತೆ.

"ತೆಗ್ದಾಕ್ಬುಟ್ಟೆ ಅಕ್ಕಾ," ಎಂದಳು.