ಶೆಡ್ಡಿನ ಒಂದು ಮೂಲೆ

ಮೂಡಿಗೆರೆ ಕಡೆಯ ಪ್ಲಾಂಟರ್ ಒಬ್ಬರು ತಮ್ಮದೇ ಕಾಫಿಪುಡಿ ಮಾರಿ ಹೆಸರು ಮಾಡಿದ್ದರು. ಅವರ ಸಾಧನೆಯ ವಿಡಿಯೋ ಮಾಡುವ ಕೆಲಸ ನನಗೆ ಬಂತು.

“ಸೊನ್ನೆಯಿಂದ ಶುರು ಮಾಡಿದ್ದು ಮಾರಾಯ್ರೆ. ಒಂದು ಹಳೇ ಶೆಡ್ಡು ಬಿಟ್ರೆ ಏನೂ ಇರ್ಲಿಲ್ಲ,” ಅಂದರು. ಆ ಶೆಡ್ಡು ತೋರಿಸಿ ಅಂದೆ. ಇಲ್ಲೇ ಹತ್ತಿರ ಅಂತ ಜೀಪು ಹತ್ತಿಸಿದರು.

ಅರ್ಧ ಗಂಟೆಯಾದರೂ ಶೆಡ್ಡು ಬರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ, ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯನ್ನು, “ಇದು ಯಾರ ತೋಟ?” ಅಂತ ಕೇಳಿದೆ.

“ನಮ್ಮ ಸಾವ್ಕಾರ್ರದ್ದೇ.”

ಇನ್ನೊಂದು ಗುಡ್ಡ ದಾಟಿದ ಮೇಲೆ ಮತ್ತೆ ಕೇಳಿದೆ.

“ಇದೂ ಅವ್ರದ್ದೇ. ಬೇರೆಯವ್ರದ್ದು ಬಂದ್ರೆ ನಾನೇ ಹೇಳ್ತೀನಿ, ಬಿಡಿ.”

ಶೆಡ್ಡು ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ಅವರ ಅಜ್ಜ ಕಟ್ಟಿಸಿದ ಪಲ್ಪಿಂಗ್ ಹೌಸ್, ನಾನು ಓದಿದ ಶಾಲೆಗಿಂತ ದೊಡ್ಡದು. ಹಿಂದೆ ಹಿಂದೆ ಹೋಗಿ ಕಾಫಿ ಗಿಡಕ್ಕೆ ಬೆನ್ನು ತಾಗಿದರೂ ಅದು ಫ್ರೇಮಿನಲ್ಲಿ ಹಿಡಿಸಲಿಲ್ಲ.

“ಪೂರ್ತಿ ಯಾಕೆ? ಆ ತಗಡು ಹಾರಿದ ಮೂಲೆ ಮಾತ್ರ ತೆಗೀರಿ, ಸಾಕು,” ಅಂದರು ಸಾವ್ಕಾರ್ರು.

ತೆಗೆದೆ. ವಿಡಿಯೋ ನೋಡಿದ ಎಷ್ಟೋ ಜನ ಕಣ್ಣೊರೆಸಿಕೊಂಡರಂತೆ. ಸಾವ್ಕಾರ್ರನ್ನು ಆಡಿಕೊಳ್ಳುವ ಹಾಗೂ ಇಲ್ಲ. ಸ್ವಂತ ಕಾಲ ಮೇಲೆ ನಿಂತ ಕತೆ ಹೇಳುವಾಗ ನಾನೂ ಈ ಕ್ಯಾಮೆರಾ ಕೊಡಿಸಿದ ಮಾವನನ್ನು ಫ್ರೇಮಿನ ಹೊರಗೇ ನಿಲ್ಲಿಸುತ್ತೇನೆ.