ಒಂದೇ ತಂತಿಯ ವಕೀಲರು

ವಕೀಲ ಶಾಂತಾರಾಮರಾಯರು ಕಿವಿಯಿಂದಲೇ ಬದುಕಿದ ಮನುಷ್ಯ. ಕೋರ್ಟಿನಲ್ಲಿ ಅವರ ಬಾಯಿಗೆ ಕೆಲಸವಿದ್ದದ್ದನ್ನು ಕಾರವಾರದಲ್ಲಿ ಯಾರೂ ಕಂಡವರಿಲ್ಲ.

ಟೆಲಿಫೋನು ಹೊಸತಾಗಿದ್ದ ಮೂವತ್ತರ ದಶಕವದು. ಕೋಡಿಬಾಗದ ನಮ್ಮ ಮನೆಗೂ ಪಕ್ಕದ ಅವರ ಮನೆಗೂ ಸೇರಿ ಒಂದೇ ತಂತಿ. ಗಂಟೆ ಎರಡು ಸಲ ಬಾರಿಸಿದರೆ ಕರೆ ನಮಗೆ, ಮೂರು ಸಲವಾದರೆ ಅವರಿಗೆ. ಅವರನ್ನು ಕರೆಯುವವರೇ ಇರಲಿಲ್ಲ. ಹಾಗಾಗಿ ನಮ್ಮದನ್ನು ಕೇಳುತ್ತಿದ್ದರು. ಅವರು ರಿಸೀವರ್ ಎತ್ತಿದೊಡನೆ ನಮ್ಮ ಕಡೆ ಧ್ವನಿ ಅರ್ಧಕ್ಕಿಳಿಯುತ್ತಿತ್ತು, ಜೊತೆಗೆ ನಶ್ಯ ಎಳೆಯುವ ಸೊರ್ ಸದ್ದು. ಅಪ್ಪ ಒಮ್ಮೆ ನಯವಾಗಿ ಕೇಳಿದ್ದಕ್ಕೆ, "ನಿಮ್ಮ ಮಾತು ಕೇಳಿ ನನಗೆಂತ ಆಗ್ಬೇಕು, ನಾಯಕರೇ? ತಂತಿಗೆ ಉಪ್ಪುಗಾಳಿ ಹೊಡ್ದದೆ" ಎಂದರು. ಕಡಲಿನ ಮೇಲೂ ಸುಳ್ಳು ಹೊರಿಸಿದ ಮಹಾನುಭಾವ!

ಅಕ್ಕನ ನಿಶ್ಚಿತಾರ್ಥದ ಹಿಂದಿನ ದಿನ ಅಂಕೋಲೆಯಿಂದ ಗಂಡಿನ ತಂದೆ ಫೋನು ಮಾಡಿದರು. "ನಾಳೆ ನಾವು ಬರ್ತೇವೆ ಹೇಳಿ ಕಾಯ..." ಅಷ್ಟರಲ್ಲಿ ಸೊರ್ ಸದ್ದು. ಮುಂದಿನದು ಅಪ್ಪನಿಗೆ ಕೇಳಿಸಲಿಲ್ಲ. "ಕಾಯ್ತೇವೆ, ಕಾಯ್ತೇವೆ" ಎಂದು ಖುಷಿಯಿಂದ ಕೂಗಿ ಇಟ್ಟುಬಿಟ್ಟರು.

ಮರುದಿನ ಅಕ್ಕ ಅಬ್ಬಲಿಗೆ ಮುಡಿದು ಬೆಳಿಗ್ಗೆಯಿಂದ ಕೂತಿದ್ದಳು. ನೆಂಟರೆಲ್ಲ ರಸ್ತೆ ನೋಡುತ್ತಿದ್ದರು. ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ ವಕೀಲರು ಮಾತ್ರ ಅಡುಗೆಮನೆಯ ಕಡೆ ನೋಡುತ್ತಿದ್ದರು. ಮಧ್ಯಾಹ್ನ ದಾಟಿದಾಗ ಹಸಿವು ತಡೆಯಲಾರದೆ, "ಬಾಳೆ ಹಾಕ್ಸಿ, ನಾಯಕರೇ. ಕಾಯ್ಬೇಡಿ ಹೇಳಿ ಅವರು ನಿನ್ನೆಯೇ ಹೇಳಿದ್ರಲ್ಲ" ಎಂದರು.

ಅಪ್ಪ ಅವರ ಕಡೆ ತಿರುಗಿದರು.

"ಯಾರ ಹತ್ರ ಹೇಳಿದ್ರು, ರಾಯರೇ?"

ವಕೀಲರು ನಶ್ಯದ ಡಬ್ಬಿ ತೆಗೆದರು. ಹಿಂದಿನ ದಿನವೇ ತಿಳಿಸಿದ್ದರೆ ಕದ್ದು ಕೇಳಿದ್ದು ಬಯಲಾಗುತ್ತಿತ್ತಲ್ಲ. ಅದಕ್ಕಿಂತ ನಮ್ಮ ಹುಡುಗಿ ಊರೆದುರು ಸಿಂಗರಿಸಿಕೊಂಡು ಕೂತಿರುವುದೇ ಅವರಿಗೆ ವಾಸಿ ಕಂಡಿತ್ತು. ಆಮೇಲೆ ಎಲೆಯ ಮುಂದೆ ಕೂತು ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅಕ್ಕ ಹೂವು ತೆಗೆದಿಟ್ಟಳು. ಆ ಸಂಬಂಧ ಅಲ್ಲಿಗೇ ಮುರಿಯಿತು. ನನಗೆ ಆ ಮನುಷ್ಯನ ಮೇಲೆ ಇಂದಿಗೂ ಅಸಹ್ಯ.

ಮರುವರ್ಷ ಅವರು ತೀರಿಕೊಂಡರು, ಮನೆಗೆ ಬೀಗ ಬಿತ್ತು. ಅಂದಿನಿಂದ ದೂರದೂರುಗಳ ಮಾತೂ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಉಪ್ಪುಗಾಳಿ ಮೊದಲಿನ ಹಾಗೆಯೇ ಬೀಸುತ್ತಿತ್ತು.

ಒಂದು ಮಧ್ಯಾಹ್ನ ಗಂಟೆ ಮೂರು ಸಲ ಬಾರಿಸಿತು. ನಿಂತು, ಮತ್ತೆ ಮೂರು ಸಲ. ಬೇರೆಯವರ ಕರೆಯನ್ನು ಎಂದೂ ಮುಟ್ಟದ ಅಕ್ಕ ಎದ್ದು ಹೋಗಿ ರಿಸೀವರ್ ಎತ್ತಿದಳು.

"ವಕೀಲರು ಹೋದ್ರು" ಎಂದಳು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, "ಕಾ ಯ ಬೇ ಡಿ" ಎಂದಳು.